ಜಾಂಜಿಬಾರ್‌ಗೆ ಹೋದರೆ ಗುಲಾಮರ ಸಂತೆ ನಡೆದ ಜಾಗಕ್ಕೆ ಅರ್ಧ ದಿನ ಇಡಿ

ಮೊದಲೇ ಹೇಳಿಬಿಡುತ್ತೇನೆ. ಜಾಂಜಿಬಾರ್‌ಗೆ ಹೋಗುವವರು ಬೀಚಿನಲ್ಲಿ ಒಂದು ದಿನ ಕಡಿಮೆ ಮಾಡಿಯಾದರೂ ಇಲ್ಲಿಗೆ ಹೋಗಿ ಬನ್ನಿ. ಅರ್ಧ ದಿನ ಇಟ್ಟುಕೊಂಡು ಹೋಗಿ. ನಾವು ಮೊದಲ ಸಲ ಮಾಡಿದ ಹಾಗೆ ಮುಕ್ಕಾಲು ತಾಸಿನಲ್ಲಿ ನೋಡಿ ಮುಗಿಸಬೇಡಿ.

ನಾವಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಮೈದುನ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮಗಳ ಜಾವಳ ಇತ್ತು ಅಂತ ಅತ್ತೆಯನ್ನು ಕರೆದುಕೊಂಡು ನಾನು, ನಮ್ಮ ಮನೆಯವರು ಹೋಗಿದ್ದೆವು. ಕಾರ್ಯ ಮುಗಿದ ಮೇಲೆ ಮೂರು ದಿನ ಉಳಿದವು. ದಾರ್‌ನಿಂದ ಜಾಂಜಿಬಾರ್ ದ್ವೀಪಕ್ಕೆ ಫೆರ್ರಿಯಲ್ಲಿ ಸುಮಾರು ಎರಡು ತಾಸು. ಇಷ್ಟು ದೂರ ಬಂದು ನೋಡದೆ ಹೋದರೆ ಹೇಗೆ ಅಂತ ಮೈದುನನೇ ಟಿಕೆಟ್ ಮಾಡಿಸಿದ. ಅಲ್ಲಿ ಗೊತ್ತು ಮಾಡಿಕೊಂಡ ಟೂರ್‌ನವನು (ಹೆಸರು ಬೇಡ) ಒಂದೇ ದಿನದಲ್ಲಿ ಮಸಾಲೆ ತೋಟ, ಆಮೆಗಳಿರುವ ದ್ವೀಪ, ಹಳೇ ಊರು, ಗುಲಾಮರ ಸಂತೆ ಎಲ್ಲವನ್ನೂ ತುರುಕಿದ್ದ. ಸಂತೆಯ ಜಾಗಕ್ಕೆ ಬರುವಷ್ಟರಲ್ಲಿ ಸಂಜೆ ನಾಲ್ಕು ಹೊಡೆದಿತ್ತು. ಬೇಗ ಬೇಗ ಅಂತ ಓಡಿಸಿದ. ವ್ಯಾನ್ ಹತ್ತಿ ಕೂತ ಮೇಲೆ ನನಗೆ ಸಮಾಧಾನವೇ ಆಗಲಿಲ್ಲ. ಮರುದಿನ ಅತ್ತೆ ಕೋಣೆಯಲ್ಲಿ ವಿಶ್ರಾಂತಿ ತಗೊಂಡರು, ನಾವಿಬ್ಬರೂ ಬೀಚ್ ಬಿಟ್ಟು ಮತ್ತೆ ಅಲ್ಲಿಗೇ ಹೋದೆವು. ಮತ್ತೆ ಟಿಕೆಟ್ ತೆಗೆಸಿದೆವು. ಅದಕ್ಕೆ ಒಂದು ಚೂರೂ ಬೇಜಾರಿಲ್ಲ.

ಜಾಗ ಇರುವುದು ಹಳೇ ಊರು ಸ್ಟೋನ್ ಟೌನ್‌ನ ಮ್ಕುನಾಜಿನಿ ಅನ್ನುವ ಕಡೆ. ಹಾಗೆಂದರೆ ಬಾರಿಹಣ್ಣಿನ ಗಿಡ ಇರುವಲ್ಲಿ ಅಂತ ಅರ್ಥವಂತೆ. ನಮ್ಮ ಖಡೇಬಜಾರಿನ ಒಳಗಲ್ಲಿಗಳಿಗಿಂತ ಇಕ್ಕಟ್ಟಾದ ಓಣಿಗಳು, ಕೆತ್ತನೆಯ ದೊಡ್ಡ ದೊಡ್ಡ ಬಾಗಿಲುಗಳು. ಓಣಿ ತಿರುಗಿದರೆ ಎದುರಿಗೆ ಎತ್ತರದ ಚರ್ಚು. ಪೂರ್ವ ಆಫ್ರಿಕಾದ ಕೊನೆಯ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದ ನೆಲದ ಮೇಲೆ ಈ ಚರ್ಚು ಕಟ್ಟಿದ್ದಾರೆ. 1873ರ ಜೂನ್‌ನಲ್ಲಿ ಸುಲ್ತಾನ ಬರ್ಗಶ್ ಬ್ರಿಟಿಷರ ಒತ್ತಡಕ್ಕೆ ಮಣಿದು ಒಪ್ಪಂದಕ್ಕೆ ಸಹಿ ಹಾಕಿದ, ಸಂತೆ ಮುಚ್ಚಿತು. ಅದೇ ವರ್ಷ ಕ್ರಿಸ್ಮಸ್ ದಿನ ಚರ್ಚಿಗೆ ಅಡಿಗಲ್ಲು ಬಿತ್ತು. ಅಂಗಳದಲ್ಲೇ ಸ್ಮಾರಕ ಇದೆ, ಪಕ್ಕದ ಹಳೇ ಮಿಶನ್ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ, ಅದರ ಅಡಿಯಲ್ಲಿ ನೆಲಮಾಳಿಗೆ. ಒಂದೇ ಕಾಂಪೌಂಡು, ಹೆಚ್ಚು ನಡೆಯಬೇಕಾಗಿಲ್ಲ.

ಮೊದಲು ಸ್ಮಾರಕದ ಬಗ್ಗೆ. ಅಂಗಳದಲ್ಲಿ ಚೌಕಾಕಾರದ ಒಂದು ತಗ್ಗು ಇದೆ. ನೋಡಿದ ಕೂಡಲೇ ನನಗೆ ತವರುಮನೆಯ ಅಂಗಳದ ಹಗೇವು ನೆನಪಾಯಿತು. ಅಜ್ಜ ಜೋಳ ತುಂಬುತ್ತಿದ್ದ ಹಗೇವು. ಈ ತಗ್ಗಿನೊಳಗೆ ಐದು ಜನ ನಿಂತಿದ್ದಾರೆ. ಬೂದುಬಣ್ಣದ ಮೂರ್ತಿಗಳು. ಕುತ್ತಿಗೆಗೆ ಕಬ್ಬಿಣದ ಬಳೆ, ಒಬ್ಬರಿಂದ ಇನ್ನೊಬ್ಬರಿಗೆ ಸರಪಳಿ. ಸ್ವೀಡನ್ನಿನ ಕಲಾವಿದೆ ಕ್ಲಾರಾ ಸೋರ್ನಾಸ್ 1998ರಲ್ಲಿ ಮಾಡಿದ್ದು. ಮೂರ್ತಿಗಳು ಹೊಸವು, ಸರಪಳಿ ಮಾತ್ರ ಆಗಿನ ಕಾಲದ್ದೇ. ಅದು ಗೊತ್ತಾದ ಮೇಲೆ ಕಣ್ಣು ಸರಪಳಿಯಿಂದ ಆಚೆ ಹೋಗುವುದೇ ಇಲ್ಲ. ತುಕ್ಕು ತಿಂದಿದೆ. ಕೊಂಡಿಗಳು ದಪ್ಪ, ನಮ್ಮಲ್ಲಿ ಎಮ್ಮೆ ಕಟ್ಟುವ ಸರಪಳಿಗಿಂತ ದಪ್ಪ. ಐದೂ ಮುಖ ಬೇರೆ ಬೇರೆ. ಯಾರೂ ಅಳುತ್ತಿಲ್ಲ, ಯಾರೂ ಕೈ ಮುಗಿಯುತ್ತಿಲ್ಲ. ಸುಮ್ನೆ ನಿಂತಿದ್ದಾರೆ. ನಾವು ದಡದಲ್ಲಿ ನಿಂತು ಬಗ್ಗಿ ಕೆಳಗೆ ನೋಡಬೇಕು, ಹಾಗೆ ಬಗ್ಗಿ ನೋಡುವಾಗ ಒಂದು ಕ್ಷಣ ಕೊಳ್ಳಲು ಬಂದವರ ಜಾಗದಲ್ಲಿ ನಾವೇ ನಿಂತ ಹಾಗೆ ಆಗುತ್ತೆ. ಅದನ್ನು ಕಲಾವಿದೆ ಬೇಕಂತಲೇ ಮಾಡಿದ್ದಾಳೆ ಅಂತ ನನ್ನ ನಂಬಿಕೆ.

ಅತ್ತೆ ಮೊದಲ ದಿನ ಅಲ್ಲೇ ನಿಂತುಬಿಟ್ಟಿದ್ದರು. ಸೆರಗು ತಲೆ ಮೇಲೆ ಎಳೆದುಕೊಂಡರು. ಯಾರಾದರೂ ತೀರಿಕೊಂಡ ಮನೆಗೆ ಹೋದಾಗ ಹಾಗೆ ಎಳೆದುಕೊಳ್ಳುತ್ತಾರೆ. "ಇವರ ಹಡೆದವ್ವಗ ಎಲ್ಲಿ ಹ್ವಾದ್ರು ಅನ್ನೂದರ ತಿಳಿತೋ ಇಲ್ಲೋ" ಅಂದರು. ಅಷ್ಟೇ ಮಾತು.

ನೆಲಮಾಳಿಗೆಗೆ ಕಿರಿದಾದ ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿದ್ದವರಿಗೆ ಕಷ್ಟ, ಅತ್ತೆ ಇಳಿಯಲಿಲ್ಲ. ಈಗ ಎರಡು ಕೋಣೆಗಳನ್ನು ತೋರಿಸುತ್ತಾರೆ. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ನಮ್ಮ ಮನೆಯವರು ಬಗ್ಗಿಕೊಂಡೇ ಇದ್ದರು. ಎರಡೂ ಕಡೆ ಕಲ್ಲಿನ ಕಟ್ಟೆ, ನಡುವೆ ಕಾಲುವೆಯ ಹಾಗೆ ತಗ್ಗು, ಗೋಡೆಯಲ್ಲಿ ಕೈ ತೂರುವಷ್ಟು ಸಂದಿ. ಗಾಳಿ ಬೆಳಕು ಬರುವುದು ಅಷ್ಟರಲ್ಲೇ. ಒಂದರಲ್ಲಿ 75 ಹೆಂಗಸರು ಮಕ್ಕಳು, ಇನ್ನೊಂದರಲ್ಲಿ 50 ಗಂಡಸರನ್ನು ಕೂಡುತ್ತಿದ್ದರು, ಹೊಲಸು ತೊಳೆದು ಹೋಗಲು ಸಮುದ್ರದ ಭರತದ ನೀರೇ ಗತಿ ಅಂತ ಗೈಡ್‌ಗಳು ಹೇಳುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಊರಿಗೆ ಬಂದ ಮೇಲೆ ಓದಿದಾಗ ತಿಳಿದದ್ದು, ಈ ಕೋಣೆಗಳು ಆಮೇಲೆ ಮಿಶನ್ ಆಸ್ಪತ್ರೆ ಕಟ್ಟುವಾಗ ಮಾಡಿದ ನೆಲಮಾಳಿಗೆ, ಗುಲಾಮರನ್ನು ಕೂಡಿದ್ದು ಇಲ್ಲೇ ಅಂತ ಹೇಳಲಾಗದು ಅಂತ ಕೆಲವು ಇತಿಹಾಸಕಾರರ ವಾದ. ಸಂತೆ ಇದೇ ನೆಲದಲ್ಲಿ ನಡೆದದ್ದರ ಬಗ್ಗೆ ತಕರಾರಿಲ್ಲ, ಕೋಣೆಗಳ ಬಗ್ಗೆ ಮಾತ್ರ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಆದದ್ದೇ ಇಷ್ಟು ಘೋರವಾಗಿರುವಾಗ ಅನುಮಾನ ಇರುವುದನ್ನು ಅನುಮಾನ ಇದೆ ಅಂತಲೇ ಹೇಳಿದರೆ ಉಳಿದದ್ದರ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಗುತ್ತೆ, ಅಲ್ವಾ? ನೀವು ಹೋದರೆ ಗೈಡ್‌ಗೆ ಇದನ್ನು ಕೇಳಿ, ಒಳ್ಳೆಯ ಚರ್ಚೆ ಆಗಬಹುದು.

ನಿಜವಾಗಿ ಹೊತ್ತು ಕೊಡಬೇಕಾದದ್ದು ವಸ್ತುಸಂಗ್ರಹಾಲಯಕ್ಕೆ. 2016ರಲ್ಲಿ ತೆರೆದದ್ದು. ದೊಡ್ಡದೇನಲ್ಲ. ಗಾಜಿನ ಪೆಟ್ಟಿಗೆಯ ಸಾಮಾನು ಕಡಿಮೆ, ಓದುವುದೇ ಜಾಸ್ತಿ. ಫಲಕಗಳು ಸ್ವಾಹಿಲಿ ಮತ್ತು ಇಂಗ್ಲಿಷಿನಲ್ಲಿವೆ. ಹೆಚ್ಚಿನವರು ನೆಲಮಾಳಿಗೆ ನೋಡಿ, ತಗ್ಗಿನ ಮುಂದೆ ಫೋಟೋ ತೆಗೆಸಿಕೊಂಡು, ಇಲ್ಲಿ ಎರಡು ಗೋಡೆ ದಾಟಿ ಹೋಗಿಬಿಡುತ್ತಾರೆ. ನಾವೂ ಮೊದಲ ದಿನ ಹಾಗೇ ಮಾಡಿದ್ದು.

ಎರಡನೇ ಸಲ ನಿಧಾನಕ್ಕೆ ಓದಿದೆ, ಗೈಡ್ ಹೇಳಿದ್ದನ್ನು ಕೇಳಿದೆ, ಊರಿಗೆ ಬಂದ ಮೇಲೂ ಹುಡುಕಿ ಓದಿದೆ. ಎಲ್ಲ ಸೇರಿಸಿ ಹೇಳುತ್ತೇನೆ. ಗುಲಾಮರು ಅಂದರೆ ನಮಗೆ ತಟ್ಟನೆ ನೆನಪಾಗುವುದು ಅಮೆರಿಕದ ಹತ್ತಿಯ ಹೊಲ. ಇದು ನಮ್ಮ ಕಡೆಯ ಸಮುದ್ರದ ಕತೆ. ಒಳನಾಡಿನ ನ್ಯಾಸಾ ಸರೋವರ, ಟಾಂಗನೀಕಾ ಸರೋವರದ ಸೀಮೆಯಿಂದ ಜನರನ್ನು ಹಿಡಿದು ಸಾಲಾಗಿ ಕಟ್ಟಿ ನಡೆಸಿಕೊಂಡು ಕಿಲ್ವಾ, ಬಾಗಮೋಯೋ ಬಂದರುಗಳಿಗೆ ತರುತ್ತಿದ್ದರು. ಎಷ್ಟೋ ಜನ ಹಾದಿಯಲ್ಲೇ ಸತ್ತರು. ಅಲ್ಲಿಂದ ಹಾಯಿಹಡಗಿನಲ್ಲಿ ಜಾಂಜಿಬಾರ್. ಕೆಲವರು ಅಲ್ಲೇ ಉಳಿದರು, ಉಳಿದವರು ಒಮಾನ್, ಅರಬ್ ಸೀಮೆ, ಪರ್ಷಿಯಾ ಕಡೆ ಹೋದರು.

ಅಲ್ಲೇ ಉಳಿದವರು ಏನು ಮಾಡಿದರು ಗೊತ್ತಾ? ಲವಂಗ ಬಿಡಿಸಿದರು. ಒಮಾನಿನ ಸುಲ್ತಾನ ಸೈಯದ್ ಸಯೀದ್ ತನ್ನ ರಾಜಧಾನಿಯನ್ನೇ ಜಾಂಜಿಬಾರ್‌ಗೆ ತಂದು ಲವಂಗದ ತೋಟ ಬೆಳೆಸಿದ. ಲವಂಗ ಅಂದರೆ ಹೂವಾಗಿ ಅರಳುವ ಮೊದಲು ಕಿತ್ತ ಮೊಗ್ಗು. ಒಂದೊಂದು ಗೊಂಚಲನ್ನೂ ಕೈಯಿಂದಲೇ ಬಿಡಿಸಬೇಕು, ಒಣಗಿಸಬೇಕು. ಅಷ್ಟು ಕೈಗಳು ಬೇಕಾಗಿದ್ದವು. ನಮ್ಮ ಅತ್ತೆ ಹಿಂದಿನ ದಿನ ಮಸಾಲೆ ತೋಟದಲ್ಲಿ ಪಾವು ಕಿಲೋ ಲವಂಗ ಕಟ್ಟಿಸಿಕೊಂಡಿದ್ದರು, ಆ ಪೊಟ್ಟಣ ನನ್ನ ಹೆಗಲಚೀಲದಲ್ಲೇ ಇತ್ತು. ಅದರ ವಾಸನೆ ಬರುತ್ತಿತ್ತು ನಾನು ಓದುತ್ತಾ ನಿಂತಾಗ. ಮಸಾಲೆ ತೋಟದಲ್ಲಿ ಒಂದು ತಾಸು ಸುತ್ತಿಸಿದ ಟೂರ್‌ನವನು ಈ ತೋಟಗಳಲ್ಲಿ ಯಾರು ದುಡಿದರು ಅನ್ನುವುದನ್ನು ಒಂದು ಸಲವೂ ಎತ್ತಲಿಲ್ಲ. ಅದಕ್ಕೇ ಹೇಳುವುದು, ಮೊದಲು ಇಲ್ಲಿಗೆ ಬನ್ನಿ, ಆಮೇಲೆ ತೋಟಕ್ಕೆ ಹೋಗಿ.

ಸಂತೆ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಕಣ್ಣಾರೆ ಕಂಡವರು ಬರೆದದ್ದಿದೆ. ಇಲ್ಲಿ ಸಂತೆ ಬರುವುದಕ್ಕೂ ಎಷ್ಟೋ ಮೊದಲು, 1811ರಲ್ಲಿ ಇದೇ ಊರಿಗೆ ಬಂದಿದ್ದ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಸ್ಮೀ ಬರೆದಿಟ್ಟಿದ್ದಾನೆ. ಸಂತೆ ಶುರುವಾಗುವುದು ಸಂಜೆ ನಾಲ್ಕರ ಹೊತ್ತಿಗೆ. ಮೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಿಂಚಿಸಿ, ಎಲ್ಲಕ್ಕಿಂತ ಸಣ್ಣ ಮಗುವನ್ನು ಮುಂದೆ ನಿಲ್ಲಿಸಿ ಎತ್ತರದ ಪ್ರಕಾರ ಸಾಲು ಮಾಡುತ್ತಿದ್ದರು. ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ನಾನು ಸಣ್ಣವಳಿದ್ದಾಗ ಅಪ್ಪನ ಜೊತೆ ದನದ ಸಂತೆಗೆ ಹೋಗಿದ್ದೇನೆ. ಎತ್ತಿನ ತುಟಿ ಮೇಲೆತ್ತಿ ಹಲ್ಲು ಎಣಿಸುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು, ಆಮೇಲೆ ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಹೇಳುವುದು, ಎಲ್ಲ ನೋಡಿದ್ದೇನೆ. ಓದುವಾಗ ಆ ದಲಾಲರ ಕೈಗಳು ಕಣ್ಣ ಮುಂದೆ ಬಂದವು. ಇನ್ನು ಹೆಚ್ಚು ಬರೆಯಲಾರೆ.

ಇನ್ನೊಂದು, ನಮ್ಮವರು ಓದಲೇಬೇಕಾದದ್ದು. ನಮ್ಮ ಗೈಡ್ ಮೂವತ್ತರ ಆಸುಪಾಸಿನ ಹುಡುಗ, ಬಹಳ ಮರ್ಯಾದೆಯವನು. ಭಾರತದವರಾ ಅಂತ ಕೇಳಿದ. ಹೌದು ಅಂದೆವು. ಅಂಗಡಿಗೆ ನಾವು ದುಕಾ ಅನ್ನುತ್ತೇವೆ, ವಾಹನಕ್ಕೆ ಗಾರಿ ಅನ್ನುತ್ತೇವೆ, ನಿಮ್ಮಿಂದಲೇ ಬಂದ ಮಾತು ಅಂದ. ನಮಗೆ ಖುಷಿ ಆಯಿತು, ನಾವೂ ದುಕಾನ, ಗಾಡಿ ಅನ್ನುವವರೇ ತಾನೆ. ಆಮೇಲೆ ಸ್ವಲ್ಪ ತಡೆದು, ನಿಮ್ಮ ದೇಶದ ಸಾಹುಕಾರರ ದುಡ್ಡೂ ಇದರಲ್ಲಿ ಇತ್ತು ಅಂದ. ಕಛ್‌ನ ಜೈರಾಮ್ ಶಿವಜಿ ಅನ್ನುವವರ ಪೇಢಿ 1830ರ ದಶಕದಿಂದ ಎಷ್ಟೋ ವರ್ಷ ಜಾಂಜಿಬಾರ್ ಬಂದರಿನ ಸುಂಕದ ಗುತ್ತಿಗೆ ಹಿಡಿದಿತ್ತು. ಆ ಬಂದರಿನಲ್ಲಿ ದಂತಕ್ಕೂ ಸುಂಕ, ಲವಂಗಕ್ಕೂ ಸುಂಕ, ಗುಲಾಮರಿಗೆ ತಲೆಗಿಷ್ಟು ಅಂತ ಸುಂಕ. ಒಳನಾಡಿಗೆ ಹೋಗುವ ತಂಡಗಳಿಗೆ ಸಾಲ ಕೊಡುತ್ತಿದ್ದವರಲ್ಲೂ ನಮ್ಮವರು ಇದ್ದರು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಲ್ಲಿನ ಭಾರತೀಯರ ಮನೆ, ತೋಟಗಳಿಂದಲೇ ಸಾವಿರಾರು ಗುಲಾಮರನ್ನು ಬಿಡಿಸಿದ. ನಮ್ಮ ದೇಶದಲ್ಲಿ 1843ರಲ್ಲೇ ಗುಲಾಮಗಿರಿಯ ವಿರುದ್ಧ ಕಾಯ್ದೆ ಬಂದಿತ್ತು, ಹಾಗಿದ್ದೂ ಇದು. ಗೈಡ್ ಇದನ್ನು ಚುಚ್ಚುವುದಕ್ಕೆ ಹೇಳಲಿಲ್ಲ. ತನ್ನ ಕಡೆಯ ಸರದಾರರೂ ಜನರನ್ನು ಹಿಡಿದು ಮಾರಿದರು ಅನ್ನುವುದನ್ನೂ ಅಷ್ಟೇ ನೇರವಾಗಿ ಹೇಳಿದ. ನನಗೆ ಅವನ ಮೇಲೆ ಗೌರವ ಬಂತು.

1873ಕ್ಕೆ ಎಲ್ಲ ಮುಗಿಯಿತು ಅಂತ ನಾನು ಮೊದಲ ದಿನ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಸಂತೆ ಮುಚ್ಚಿತು ಅಷ್ಟೇ, ಗುಲಾಮರನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಆಗಿದ್ದು 1897ರಲ್ಲಿ. ಅದರಲ್ಲೂ ಯಜಮಾನರು ಹೆಂಡತಿಯರ ಹಾಗೆ ಇಟ್ಟುಕೊಂಡಿದ್ದ ಹೆಂಗಸರನ್ನು ಆ ಕಾನೂನಿನಿಂದ ಹೊರಗಿಟ್ಟರು. ಅವರು 1909ರವರೆಗೆ ಕಾಯಬೇಕಾಯಿತು. ಹನ್ನೆರಡು ವರ್ಷ! ಈ ಸಂಗತಿಯನ್ನು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಸಂತೆ ಮುಚ್ಚಿದ ಮೇಲೂ ಕದ್ದು ಮಾರುವುದು ನಡೆದಿತ್ತು. ಊರಿಂದ ಉತ್ತರಕ್ಕೆ ಮಂಗಾಪ್ವಾನಿ ಅನ್ನುವಲ್ಲಿ ಜನರನ್ನು ಬಚ್ಚಿಡಲು ಕಟ್ಟಿದ ಕೋಣೆ ಇನ್ನೂ ಇದೆ. ನಮಗೆ ಹೋಗಲಾಗಲಿಲ್ಲ.

ಚರ್ಚಿನ ಒಳಗೂ ಹೋಗಿ. ಬಲಿಪೀಠದ ಮುಂದೆ ನೆಲದಲ್ಲಿ ದುಂಡಗೆ ಅಮೃತಶಿಲೆ ಹಾಸಿದ್ದಾರೆ, ಸುತ್ತ ಕೆಂಪು. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಮರ ಅಲ್ಲಿತ್ತು ಅಂತ ಹೇಳುತ್ತಾರೆ, ಕೆಂಪು ಅಂದರೆ ಅವರ ರಕ್ತ. ಒಂದು ಮರದ ಶಿಲುಬೆ ಇದೆ. ಆಫ್ರಿಕಾದ ಒಳನಾಡು ಸುತ್ತಿದ ಸ್ಕಾಟ್ಲೆಂಡಿನ ಪಾದ್ರಿ ಡೇವಿಡ್ ಲಿವಿಂಗ್‌ಸ್ಟನ್ 1873ರಲ್ಲಿ ಈಗಿನ ಜಾಂಬಿಯಾದಲ್ಲಿ ತೀರಿಕೊಂಡಾಗ ಅವರ ಹೃದಯವನ್ನು ಹೂತ ಜಾಗದ ಮರದಿಂದ ಮಾಡಿದ್ದು. ಬಾಗಿಲ ಕಡೆ ಕೆಲವು ಕಂಬ ತಲೆಕೆಳಗಾಗಿ ನಿಂತಿವೆ, ಚರ್ಚು ಕಟ್ಟಿಸುತ್ತಿದ್ದ ಬಿಶಪ್ ಸ್ಟಿಯರ್ ಊರಲ್ಲಿಲ್ಲದಾಗ ಕೆಲಸದವರು ತಿಳಿಯದೆ ನಿಲ್ಲಿಸಿದರಂತೆ.

ಲಿವಿಂಗ್‌ಸ್ಟನ್ ಹೆಸರು ಎಲ್ಲರಿಗೂ ಗೊತ್ತು. ಅವರ ದೇಹವನ್ನು ತಿಂಗಳುಗಟ್ಟಲೆ ನಡೆದು ಸಮುದ್ರದ ತನಕ ಹೊತ್ತು ತಂದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಸೂಸಿ, ಚೂಮಾ. ಜೊತೆಗೆ ಜೇಕಬ್ ವೇನ್‌ರೈಟ್. ಈ ವೇನ್‌ರೈಟ್ ಓದಿದ್ದು ಎಲ್ಲಿ ಅಂತ ತಿಳಿದಾಗ ನಾನು ಕುರ್ಚಿಯಿಂದ ಎದ್ದು ಮನೆಯವರನ್ನು ಕರೆದೆ. ನಾಸಿಕ್‌ನಲ್ಲಿ! ಗುಲಾಮರ ಹಡಗಿನಿಂದ ಬಿಡಿಸಿದ ಮಕ್ಕಳನ್ನು ಬ್ರಿಟಿಷರು ಮುಂಬೈಗೆ ತಂದು ಬಿಡುತ್ತಿದ್ದರು, ಅವರಲ್ಲಿ ಹಲವರು ನಾಸಿಕ್‌ನ ಮಿಶನ್ ಶಾಲೆಯಲ್ಲಿ ಬೆಳೆದರು. ಹೃದಯ ಹೂತ ಮರದ ಮೇಲೆ ಅಕ್ಷರ ಕೆತ್ತಿದ್ದು ಆ ನಾಸಿಕ್ ಶಾಲೆಯ ಹುಡುಗ.

ಈಗ ನಾನು ಯಾಕೆ ಇಷ್ಟು ಬರೆಯುತ್ತಿದ್ದೇನೆ ಅನ್ನುವುದಕ್ಕೆ ಬರುತ್ತೇನೆ. ನಾನು ಆರು ವರ್ಷ ಖಾನಾಪುರ ತಾಲ್ಲೂಕಿನಲ್ಲಿ ಕಾಡಂಚಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ್ದೇನೆ. ತರಗತಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಮಕ್ಕಳು ಇದ್ದರು. ಗುಲಾಮರ ವ್ಯಾಪಾರದ ಬಗ್ಗೆ ಹೇಳುವಾಗ ನಕಾಶೆಯಲ್ಲಿ ಆಫ್ರಿಕಾದ ಪಶ್ಚಿಮ ದಂಡೆಯಿಂದ ಅಮೆರಿಕಕ್ಕೆ ಗೆರೆ ಎಳೆದು ತೋರಿಸಿದ್ದೇನೆ. ಪೂರ್ವ ದಂಡೆಯಿಂದ ಗೋವಾಕ್ಕೆ ಒಂದು ಗೆರೆ ಎಳೆಯಲಿಲ್ಲ. ಮೂರನೇ ಬೆಂಚಿನಲ್ಲಿ ಕೂತ ಹುಡುಗಿಯ ಹಿರಿಯರು ಆ ಗೆರೆಯಲ್ಲಿ ಬಂದವರು. ನಾನು ಎಳೆಯಲಿಲ್ಲ.

ಸಿದ್ದಿಗಳು ಜಾಂಜಿಬಾರ್ ಸಂತೆಯಿಂದಲೇ ಬಂದವರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಸಿದ್ದಿಗಳ ಹಿರಿಯರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರು ಮೊಜಾಂಬಿಕ್ ದಂಡೆಯಿಂದ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡು ಸೇರಿದರು. ಬೇರೆ ಹಾದಿಯಲ್ಲಿ ಬಂದವರೂ ಇದ್ದಾರೆ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬಶಿ (ಆಫ್ರಿಕಾ ಮೂಲದ) ಸರದಾರ ಮಂತ್ರಿಯ ಪಟ್ಟಕ್ಕೇರಿದ. ಗೋಳಗುಮ್ಮಟಕ್ಕೆ ಎಷ್ಟು ಸಲ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೇನೆ! ಅವನ ಹೆಸರನ್ನೂ ಹೇಳಿದ್ದಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ನಮ್ಮ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಈಚಿನ ಮಾತು ಇದು.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಗುಂಪುಗಳು ಬರುತ್ತವೆ, ನೆಲಮಾಳಿಗೆಯಲ್ಲಿ ಉಸಿರು ಕಟ್ಟುತ್ತೆ. ಗೈಡ್ ಬೇಕೇ ಬೇಕು. ಅವರು ಹೇಳಿ ಮುಗಿಸಿದ ಮೇಲೆ ಫಲಕಗಳನ್ನು ನೀವೇ ಇನ್ನೊಮ್ಮೆ ಓದಿ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಊರಿನವರಿಗೆ ಅದು ಮರ್ಯಾದೆ. ತೀರಾ ಸಣ್ಣ ಮಕ್ಕಳನ್ನು ನೆಲಮಾಳಿಗೆಗೆ ಇಳಿಸಬೇಡಿ, ಹೈಸ್ಕೂಲ್ ಮಕ್ಕಳನ್ನು ತಪ್ಪದೆ ಇಳಿಸಿ. ತಗ್ಗಿನ ಮುಂದೆ ನಗುತ್ತಾ ಸೆಲ್ಫಿ ತೆಗೆದುಕೊಳ್ಳುವವರು ನಮ್ಮ ದೇಶದವರೇ ಇದ್ದರು, ದಯವಿಟ್ಟು ಅದು ಬೇಡ.

ಹೋದ ವಾರ ಖಾನಾಪುರ ಕಡೆ ಹೋಗಿದ್ದೆ. ನನ್ನ ಹಳೇ ಶಾಲೆಯ ಊರಲ್ಲಿ ಒಬ್ಬ ಸಿದ್ದಿ ಅಜ್ಜಿ ಇದ್ದಾರೆ, ಕೌದಿ ಹೊಲಿಯುತ್ತಾರೆ. ನಮ್ಮ ಮನೆಯಲ್ಲಿ ಹಾಸಿರುವುದು ಅವರು ಹೊಲಿದ ಕೌದಿಯೇ. ನಮ್ಮ ಅಜ್ಜಿ ಹೊಲಿಯುತ್ತಿದ್ದ ಕೌದಿಗೂ ಅವರದಕ್ಕೂ ಒಂದು ವ್ಯತ್ಯಾಸ ಇದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ಒಳಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡುತ್ತಾರೆ. ಹೂವು ಇಲ್ಲದಿದ್ದರೆ ಕೌದಿ ಬತ್ತಲೆ ಇದ್ದ ಹಾಗೆ ಅನ್ನುತ್ತಾರೆ. ನಾನು ಹೋದಾಗ ಮೂಲೆಯ ಹೂವು ಹೊಲಿಯುತ್ತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ತಗ್ಗಿನ ಫೋಟೋ ಬಹಳ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, "ಮಂದೀನ ಯಾವ್ಯಾವ ಊರಿಂದ ತಂದಿದ್ರಂತ ಅಲ್ಲಿ ಬರದಾರೇನ್ರಿ?" ಅಂತ ಕೇಳಿದರು.

ನಕಾಶೆಯ ಫೋಟೋ ದೊಡ್ಡದು ಮಾಡಿ ಓದಿದೆ. ಕಿಲ್ವಾ, ಬಾಗಮೋಯೋ, ಉಜಿಜಿ, ನ್ಯಾಸಾ, ಮೊಜಾಂಬಿಕ್. ಯಾವುದಾದರೂ ಹೆಸರು ಕೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು.

"ಇನ್ನೊಮ್ಮೆ ಓದ್ರಿ ಅಕ್ಕೋರ" ಅಂದರು. ಓದಿದೆ.